ಪದಚರ್ಚೆ: ಬ್ಯಾಸ್ಕೆಟ್‌ಬಾಲ್‌ನ ‘ರೊಟೇಶನ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಕಲಬುರಗಿಯ ಕಾಲೇಜು ತಂಡವೊಂದಕ್ಕೆ ಡಿಫೆನ್ಸ್ ಪಾಠಗಳನ್ನು ಕನ್ನಡದಲ್ಲಿ ಬರೆದುಕೊಡುವ ಕೆಲಸ ನಡೆದಿದೆ. ತಂಡ ಸದ್ಯ ಸೋಲುತ್ತಿದೆ. ಮೊದಲರ್ಧದಲ್ಲಿ ಸಮಸಮ ಆಡಿ ಮೂರನೇ ಕ್ವಾರ್ಟರಿನಲ್ಲಿ ಕುಸಿಯುತ್ತದೆ. ಆಟ ಮುಗಿದ ಮೇಲೆ ಎಲ್ಲರ ಬಾಯಲ್ಲೂ ಒಂದೇ ಮಾತು, ‘ರೊಟೇಶನ್ ಬರೋಬ್ಬರಿ ಆಗ್ಲಿಲ್ಲ.’ ತೊಡಕಿರುವುದು ಈ ಮಾತಿನಲ್ಲೇ. ಕೋಚ್ ಒಂದು ಅರ್ಥದಲ್ಲಿ ಹೇಳುತ್ತಾರೆ, ಮ್ಯಾನೇಜರ್ ಇನ್ನೊಂದು ಅರ್ಥದಲ್ಲಿ ಕೇಳಿಸಿಕೊಳ್ಳುತ್ತಾರೆ, ವಾಲಿಬಾಲ್ ಆಡಿ ಬಂದ ಹುಡುಗನಿಗೆ ಮೂರನೆಯದೇ ಹೊಳೆಯುತ್ತದೆ.

ವಾಲಿಬಾಲ್‌ನದು ಸುಲಭ. ಎದುರಾಳಿಯ ಕೈಯಿಂದ ಸರ್ವಿಸ್ ಗೆದ್ದ ತಂಡದ ಆರೂ ಮಂದಿ ಗಡಿಯಾರದ ಮುಳ್ಳಿನಂತೆ ಒಂದೊಂದು ಜಾಗ ಸುತ್ತುವುದು. ಅದಕ್ಕೆ ‘ಸುತ್ತು’ ಸಾಕು. ಬ್ಯಾಸ್ಕೆಟ್‌ಬಾಲ್‌ನಲ್ಲಿ ಎರಡು ಬೇರೆಬೇರೆ ಕೆಲಸಕ್ಕೆ ಈ ಒಂದೇ ಹೆಸರಿದೆ.

ಮೊದಲನೆಯದು ಬೆಂಚಿನ ಕೆಲಸ: ಯಾರು ಯಾವಾಗ ಒಳಗೆ, ಎಷ್ಟು ಹೊತ್ತು. ಅಂತರರಾಷ್ಟ್ರೀಯ ನಿಯಮದಲ್ಲಿ 10 ನಿಮಿಷದ 4 ಕ್ವಾರ್ಟರ್, ಅಂಕಣದಲ್ಲಿ 5 ಜನ. ಅಂದರೆ ಕೋಚ್ ಹಂಚಬೇಕಾದದ್ದು ಒಟ್ಟು 200 ನಿಮಿಷ. ಎಂಟು ಜನರ ಮೇಲೆ ಆಡಿಸುವುದಾದರೆ ಮೊದಲ ಐವರಿಗೆ 28ರಂತೆ 140, ಉಳಿದ ಮೂವರಿಗೆ 20ರಂತೆ 60. ಇದಕ್ಕೆ ‘ಪಾಳಿ’ ಎನ್ನಬಹುದು ಎಂದು ನನ್ನ ಅನಿಸಿಕೆ. ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಯವರಿಗೆ ಪಾಳಿ ದಿನದ ಮಾತು. ನಮ್ಮಲ್ಲಿ ಸಾಲಿಗೂ ಪಾಳಿ ಎನ್ನುತ್ತಾರೆ ನಿಜ, ಆದರೆ ‘ಎರಡನೇ ಪಾಳಿಯಾಗ ಯಾರ‍್ಯಾರು?’ ಎಂದು ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಎರಡನೆಯದು ಡಿಫೆನ್ಸಿನೊಳಗಿನ ಚಲನೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಪದ ಹುಡುಕುವವರಿಗೆ ಕೆಲಸ ಕಣ್ಣಿಗೆ ಕಟ್ಟಬೇಕು. ಬಲಗಡೆಯಿಂದ ಎದುರಾಳಿಯೊಬ್ಬ ತನ್ನನ್ನು ಹಿಡಿದವನನ್ನು ದಾಟಿ ರಿಂಗಿನ ಕಡೆ ನುಗ್ಗಿದ. ಎಡಬದಿಯಲ್ಲಿ ಎಂಡ್‌ಲೈನಿಗೆ (ರಿಂಗಿನ ಹಿಂದಿನ ಗಡಿಗೆರೆ) ಹತ್ತಿರವಿದ್ದ ನಮ್ಮವನು ತನ್ನ ಮ್ಯಾನ್, ಅಂದರೆ ತಾನು ಕಾಯಬೇಕಾದ ಎದುರಾಳಿಯನ್ನು ಬಿಟ್ಟು ಅಡ್ಡ ಬರಬೇಕು. ಕಾಲು ಊರುವುದು ರಿಂಗಿನ ಕೆಳಗಿನ ಅರ್ಧವೃತ್ತದ ಹೊರಗೆ. ಒಳಗೆ ನಿಂತು ಡಿಕ್ಕಿ ಹೊಡೆಸಿಕೊಂಡರೆ ಚಾರ್ಜ್ (ನುಗ್ಗಿದವನ ಮೇಲೆ ಕೊಡುವ ಫೌಲ್) ಸಿಗುವುದಿಲ್ಲ. ಈಗ ಇವನು ಬಿಟ್ಟುಬಂದ ಎದುರಾಳಿ ಎಡ ಮೂಲೆಯಲ್ಲಿ ಖಾಲಿ. ಎಡಗಡೆಯೇ ಮೇಲೆ ನಿಂತಿದ್ದ ನಮ್ಮ ಇನ್ನೊಬ್ಬ ಎರಡು ಮೂರು ಹೆಜ್ಜೆ ಕೆಳಗಿಳಿದು, ತನ್ನವನಿಗೂ ಮೂಲೆಯವನಿಗೂ ನಡುವೆ ನಿಲ್ಲಬೇಕು. ಒಬ್ಬನೇ ಇಬ್ಬರನ್ನು ಕಾಯುವ ಗಳಿಗೆ ಅದು. ಚೆಂಡು ಮೂಲೆಗೆ ಹೋದರೆ ಅವನು ಮೂಲೆಗೆ ಓಡುತ್ತಾನೆ. ಮೊದಲು ದಾಟಿಸಿಕೊಂಡವನು ಚೆಂಡಿನ ಬೆನ್ನು ಹತ್ತದೆ, ಮೇಲೆ ಖಾಲಿ ಉಳಿದವನನ್ನು ಹುಡುಕಿ ಹಿಡಿಯಬೇಕು. ಇದೆಲ್ಲ ಪಾಸು ಗಾಳಿಯಲ್ಲಿ ಇರುವಾಗಲೇ ಆಗಬೇಕು.

ಸೋಲುವ ತಂಡದಲ್ಲಿ ಸಾಮಾನ್ಯವಾಗಿ ತಪ್ಪುವುದು ಆ ಎರಡನೆಯವನ ಇಳಿಯುವಿಕೆ. ಮೊದಲನೆಯವನು ಸರಿಯಾದ ಹೊತ್ತಿಗೆ ಅಡ್ಡ ಬಂದಿರುತ್ತಾನೆ, ಎರಡನೆಯವನು ತನ್ನ ಮ್ಯಾನ್ ಹತ್ತಿರವೇ ನಿಂತುಬಿಟ್ಟಿರುತ್ತಾನೆ. ಮೂಲೆಯಿಂದ ಮೂರು ಪಾಯಿಂಟ್ ಬೀಳುತ್ತದೆ. ಅಲ್ಲಿಂದ ರಿಂಗಿಗೆ 6.60 ಮೀಟರ್, ಉಳಿದ ಕಮಾನಿನಿಂದ 6.75. ನೋಡುವವರಿಗೆ ಕಾಣುವುದು ‘ಮೂಲಿಯಾಂವ ಯಾರ ಮ್ಯಾನ್?’ ಎಂಬಷ್ಟೇ. ಸಹಾಯಕ್ಕೆ ಬಂದವನ ತಲೆಗೆ ತಪ್ಪು ಕಟ್ಟಿ ಅವನನ್ನೇ ಬೆಂಚಿಗೆ ಕರೆಯುತ್ತಾರೆ. ಹೀಗೆ ಎರಡು ಸಲ ಕೂಡಿಸಿದರೆ ಮೂರನೆಯ ಸಲ ಆ ಹುಡುಗ ಸಹಾಯಕ್ಕೇ ಬರುವುದಿಲ್ಲ. ಚಲನೆಯ ದೋಷಕ್ಕೆ ಪಾಳಿಯಲ್ಲಿ ಮದ್ದು ಹುಡುಕಿದಂತಾಯಿತು. ಎರಡಕ್ಕೂ ಒಂದೇ ಹೆಸರಿರುವ ತನಕ ಈ ಅನ್ಯಾಯ ನಿಲ್ಲುವುದು ಕಷ್ಟ, ಅದಕ್ಕೇ ಇಲ್ಲಿ ಕೇಳುತ್ತಿರುವುದು.

ಈ ಚಲನೆಗೆ ‘ಆವರ್ತನ’ ಎಂದು ಬರೆದ ಕರಡು ನೋಡಿದೆ. ಇಲ್ಲಿ ಯಾವುದೂ ಸುತ್ತಿ ಮೊದಲಿನ ಜಾಗಕ್ಕೆ ಬರುವುದಿಲ್ಲ, ಹಾಗಾಗಿ ಅದು ಹೊಂದದು. ಕುಸಿ–ಕುಸಿತ, ಇಳಿ–ಇಳಿತ, ಸೆಳೆ–ಸೆಳೆತ ಇರುವಂತೆ ‘ಸರಿ’ಯಿಂದ ‘ಸರಿತ’ ಮಾಡಬಹುದೇ? ಬಲ್ಲವರು ತಿಳಿಸಬೇಕು.

*

ಸರ್, ನಮಸ್ಕಾರ. ಬೀದರಿನಿಂದ ಬರೆಯುತ್ತಿದ್ದೇನೆ.

‘ಪಾಳಿ’ಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ‘ಸರಿತ’ ವ್ಯಾಕರಣಕ್ಕೆ ಒಗ್ಗುತ್ತದೆ, ಆದರೆ ಓದಿದ ಕೂಡಲೇ ನದಿಯ ‘ಸರಿತೆ’ಯೋ ಹುಡುಗಿಯ ಹೆಸರೋ ನೆನಪಾಗುತ್ತದೆ. ‘ಜಾಗ ತುಂಬುವುದು’ ಎಂದೇ ಬರೆಯಿರಿ. ಒಬ್ಬ ಬಿಟ್ಟ ಜಾಗವನ್ನು ಇನ್ನೊಬ್ಬ ತುಂಬುತ್ತಾನೆ, ಕೆಲಸವೂ ಅದೇ. ಪಾಠದಲ್ಲಿ ‘ಮೊದಲ ತುಂಬು’, ‘ಎರಡನೇ ತುಂಬು’ ಎಂದು ಹೆಸರಿಟ್ಟರೆ ತಪ್ಪು ಯಾರದೆಂದು ಬೆರಳಿಟ್ಟು ತೋರಿಸಬಹುದು.

ಬರೆಯುವ ಪದಕ್ಕಿಂತ ಕೂಗುವ ಪದ ಮುಖ್ಯ ಸರ್. ಡಿಫೆನ್ಸಿನಲ್ಲಿ ಬಾಯಿ ಮುಚ್ಚಿದ ತಂಡ ಅರ್ಧ ಸೋತಂತೆಯೇ. ಕೂಗು ಒಂದೆರಡು ಪದದ್ದಿರಬೇಕು, ಬೇರೆ ಮಾತಿನ ಹಾಗೆ ಕೇಳಬಾರದು. ‘ಸರಿ!’ ಎಂದು ಕೂಗಿದರೆ ಅರ್ಧ ಜನ ‘ಆಯ್ತು’ ಎಂದು ತಿಳಿದು ನಿಂತಲ್ಲೇ ನಿಲ್ಲುತ್ತಾರೆ. ಎರಡನೆಯವನಿಗೆ ‘ಇಳಿ!’ ಚೆನ್ನಾಗಿದೆ. ಸ್ಕ್ರೀನ್ (ಎದುರಾಳಿಯೊಬ್ಬ ನಮ್ಮವನ ದಾರಿಗೆ ಅಡ್ಡ ನಿಲ್ಲುವುದು) ಬರುತ್ತಿದ್ದರೆ ‘ಎಡಕ್ಕ ಅಡ್ಡ!’, ‘ಬಲಕ್ಕ ಅಡ್ಡ!’ ಎಂದರೆ ದಿಕ್ಕೂ ಗೊತ್ತಾಗುತ್ತದೆ. ಮ್ಯಾನ್ ಅದಲುಬದಲು ಮಾಡಲು ‘ಬದ್ಲಿ!’ ಎನ್ನುವ ಆಸೆ ಎಲ್ಲರಿಗೂ ಇದೆ. ದಖನಿ ಮಾತಾಡುವ ಹುಡುಗರಿಗೂ ಮರಾಠಿ ಮನೆಯವರಿಗೂ ಅದು ತಿಳಿಯುತ್ತದೆ. ಆದರೆ ಬೆಂಚಿನಿಂದ ಬರುವವನೂ ‘ಬದಲಿ ಆಟಗಾರ’ನೇ. ಅಲ್ಲಿ ‘ಸ್ವಿಚ್’ ಹಾಗೆಯೇ ಇರಲಿ.

ಮೂರನೇ ಕ್ವಾರ್ಟರಿನ ಕುಸಿತದ ಬಗ್ಗೆಯೂ ಒಂದು ಮಾತು. ಪಾಳಿ ಕೆಟ್ಟರೆ ಜಾಗ ತುಂಬುವುದೂ ಕೆಡುತ್ತದೆ, ಎರಡನ್ನೂ ಒಟ್ಟಿಗೇ ನೋಡಿ. ಅದೇ ಐವರನ್ನು ಮೊದಲ 20 ನಿಮಿಷ ಆಡಿಸಿದರೆ ಮೊದಲು ಸೋಲುವುದು ಎರಡನೆಯವನ ಕಾಲು. ನಮ್ಮ ಕಡೆ ಏಪ್ರಿಲ್–ಮೇನಲ್ಲಿ 40 ಡಿಗ್ರಿ ದಾಟುತ್ತದೆ, ಬಯಲಿನ ಸಿಮೆಂಟ್ ಅಂಕಣ ಸಂಜೆಯಾದರೂ ಕಾವು ಬಿಡುವುದಿಲ್ಲ. ಹಾಗಂತ ಮೂವರನ್ನು ಒಮ್ಮೆಲೇ ಬದಲಿಸಬೇಡಿ. ಒಂದು ಸಲಕ್ಕೆ ಇಬ್ಬರು ಸಾಕು. ಕೂಗಿ ಹೇಳುವವನೂ ರಿಂಗಿನ ಕೆಳಗಿನ ಎತ್ತರದವನೂ ಜೊತೆಯಾಗಿ ಹೊರಗೆ ಬರಬಾರದು. ಬದಲಿಯನ್ನು ಮೊದಲೇ ಸ್ಕೋರರ್ ಮೇಜಿನ ಬಳಿ ಕೂಡಿಸಿ. ಗಡಿಯಾರ ನಿಂತಾಗ ಮಾತ್ರ ಒಳಗೆ ಬಿಡುತ್ತಾರೆ, ಬುಟ್ಟಿ ಬಿದ್ದ ಮಾತ್ರಕ್ಕೆ ಗಡಿಯಾರ ನಿಲ್ಲುವುದು ನಾಲ್ಕನೇ ಕ್ವಾರ್ಟರಿನ ಮತ್ತು ಹೆಚ್ಚುವರಿ ಅವಧಿಯ ಕೊನೆಯ 2 ನಿಮಿಷಗಳಲ್ಲಷ್ಟೇ. ಪಾಳಿ ಹಾಳೆಯಲ್ಲಿ 5 ನಿಮಿಷಕ್ಕೊಂದರಂತೆ 8 ಮನೆ ಗೆರೆ ಹಾಕಿ, ಪ್ರತಿ ಮನೆಯಲ್ಲಿ ಐದು ಹೆಸರು ಮತ್ತು ಆ ಐವರು ಯಾವ ಡಿಫೆನ್ಸ್ ಆಡುತ್ತಾರೆಂದು ಬರೆಯಿರಿ. ಮೊದಲ ಐವರು ಮ್ಯಾನ್ ಟು ಮ್ಯಾನ್ (ಒಬ್ಬೊಬ್ಬರು ಒಬ್ಬೊಬ್ಬ ಎದುರಾಳಿಯನ್ನು ಕಾಯುವುದು), ಬೆಂಚಿನವರು 2-3 ಜೋನ್ (ಮುಂದೆ ಇಬ್ಬರು, ಹಿಂದೆ ಮೂವರು ನಿಂತು ಜಾಗ ಕಾಯುವುದು) ಕಲಿತಿದ್ದರೆ ಇಬ್ಬರು ಒಂದು ಆಡಿ ಮೂವರು ಇನ್ನೊಂದು ಆಡುವುದನ್ನು ನೋಡಬೇಕಾಗುತ್ತದೆ.

ಹುಡುಗರು ಅಮೆರಿಕದ ಎನ್‌ಬಿಎ ಲೀಗಿನ ವಿಡಿಯೊ ನೋಡಿ ಕಲಿಯುತ್ತಾರೆ. ಅಲ್ಲಿ 2001–02ರಿಂದ ಡಿಫೆನ್ಸಿಗೂ 3 ಸೆಕೆಂಡಿನ ಕಟ್ಟು ಇದೆ, ಯಾರನ್ನೂ ಹಿಡಿಯದೆ ಪೇಂಟಿನೊಳಗೆ (ರಿಂಗಿನ ಮುಂದಿನ ಆಯತ) ನಿಂತಿರುವಂತಿಲ್ಲ. ನಾವಾಡುವ ನಿಯಮದಲ್ಲಿ ಆ ಕಟ್ಟು ಇಲ್ಲ. ನಮ್ಮ ಎತ್ತರದವನು ಅಲ್ಲೇ ನಿಲ್ಲಬಹುದು, ಆಗ ಮೊದಲ ತುಂಬಿಗೆ ದೂರದಿಂದ ಓಡಿಬರುವ ಕೆಲಸ ಕಡಿಮೆಯಾಗುತ್ತದೆ. ಪಾಠದಲ್ಲಿ ಇದನ್ನು ಬಿಡಬೇಡಿ.

ಉಳಿದದ್ದು ‘ಕ್ಲೋಸ್‌ಔಟ್’: ಖಾಲಿ ಇರುವವನ ಕಡೆ ಓಡಿ, ದೂರದ ಮೂರರಲ್ಲಿ ಎರಡು ಪಾಲು ದಾಟಿದ ಮೇಲೆ ಸಣ್ಣ ಹೆಜ್ಜೆ ಇಡುತ್ತ, ಸೊಂಟ ಇಳಿಸಿ, ಕೈ ಎತ್ತಿ ನಿಲ್ಲುವುದು. ಹಾರಬಾರದು, ಹಾರಿದರೆ ಅವನು ಬದಿಯಿಂದ ದಾಟಿಹೋಗುತ್ತಾನೆ. ಇದಕ್ಕೆ ‘ಓಡಿ ತಡೆ’ ಎನ್ನುವುದು ಬಿಟ್ಟರೆ ನನಗೆ ಬೇರೆ ಹೊಳೆದಿಲ್ಲ. ಯಾದಗಿರಿ ಕಡೆ ಆಡಿಸುವವರು ಏನನ್ನುತ್ತಾರೆ? ತಿಳಿದವರು ಬರೆಯಿರಿ.