ಉಪ್ಪು ಕದಡಿದ ನೀರೆಲ್ಲ ಸಮುದ್ರದ ನೀರಲ್ಲ

ಈ ವಾರ ಉತ್ತರಿಸುವವರು: ಸಂಶೋಧನಾ ಹಡಗಿನ ಪ್ರಯೋಗಾಲಯದಲ್ಲಿ ದುಡಿದು ನಿವೃತ್ತರಾದ ಸಾಗರ ರಸಾಯನಜ್ಞರು.

ಪ್ರಶ್ನೆ, ಕುಮಟಾದಿಂದ: ಸರ್, ಮಗಳು ಕಡಲ ಬಂಡೆಗುಂಡಿಯಿಂದ ಎರಡು ಸಣ್ಣ ಮೀನು, ನಾಲ್ಕು ಶಂಖದ ಹುಳು ತಂದಿದ್ದಳು. ತಂದ ನೀರು ವಾಸನೆ ಬಂತೆಂದು ಚೆಲ್ಲಿ, ಬಾವಿ ನೀರಿಗೆ ಆಗರದ ಹರಳುಪ್ಪು ಹಾಕಿದೆ. ಲೀಟರಿಗೆ 35 ಗ್ರಾಂ, ತೂಕ ಮಾಡಿಯೇ. ಎರಡೇ ದಿನಕ್ಕೆ ಮೀನು ಸತ್ತವು. ಶಂಖದ ಹುಳುಗಳು ಬಾಯಿ ಮುಚ್ಚಿಕೊಂಡು ಕೂತಿವೆ. ಉಪ್ಪೂ ಸಮುದ್ರದ್ದೇ, ಅಳತೆಯೂ ಸರಿ. ತಪ್ಪೆಲ್ಲಿ?

ಉತ್ತರ: ಅಳತೆ ಸರಿ. ಆದರೆ ಅಡುಗೆಗೆ ಒಳ್ಳೆಯ ಉಪ್ಪು ಮೀನಿಗೆ ಒಳ್ಳೆಯದಲ್ಲ.

ಬೇಸಿಗೆಯಲ್ಲಿ ಸಾಣಿಕಟ್ಟಾ ಕಡೆ ಹೋದರೆ ಆಗರದ ಪಾತಿಗಳನ್ನು ನೋಡಿ. ಬಿಸಿಲಿಗೆ ನೀರು ಅರ್ಧಕ್ಕೆ ಇಳಿಯುವಾಗ ಮೊದಲು ತಳ ಹಿಡಿಯುವುದು ಸುಣ್ಣ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಐದನೇ ಒಂದು ಭಾಗದ ಆಸುಪಾಸಿಗೆ ಜಿಪ್ಸಂ. ಹತ್ತನೇ ಒಂದಕ್ಕೆ ಬಂದ ಮೇಲಷ್ಟೇ ನಾವು ತಿನ್ನುವ ಉಪ್ಪು ಹರಳುಗಟ್ಟುತ್ತದೆ. ಅದನ್ನು ಎಳೆದುಕೊಂಡ ಮೇಲೆ ಉಳಿಯುವ ಕಹಿನೀರಿನಲ್ಲಿ ಮೆಗ್ನೀಸಿಯಂ, ಪೊಟ್ಯಾಸಿಯಂ ಇರುತ್ತವೆ. ಅದನ್ನು ಹೊರಗೆ ಬಿಡುತ್ತಾರೆ. ಬಿಡದಿದ್ದರೆ ಉಪ್ಪು ಕಹಿಯಾಗಿ, ಮಳೆಗಾಲದಲ್ಲಿ ಡಬ್ಬಿಯಲ್ಲೇ ನೀರೊಡೆಯುತ್ತದೆ.

ಒಂದು ಕಿಲೋ ಸಮುದ್ರದ ನೀರಿನ 35 ಗ್ರಾಂ ಲವಣದಲ್ಲಿ ಕ್ಲೋರೈಡ್ 19 ಗ್ರಾಂ ದಾಟುತ್ತದೆ, ಸೋಡಿಯಂ ಸುಮಾರು 10.8. ಉಳಿದದ್ದರಲ್ಲಿ ಸಲ್ಫೇಟ್ 2.7, ಮೆಗ್ನೀಸಿಯಂ 1.3, ಕ್ಯಾಲ್ಸಿಯಂ, ಪೊಟ್ಯಾಸಿಯಂ ತಲಾ 0.4 ಗ್ರಾಂ. ನಿಮ್ಮ ಬಕೆಟ್ಟಿನಲ್ಲಿ ಇದ್ದದ್ದು ಬಹುಪಾಲು ಮೊದಲಿನ ಎರಡೇ. ಕ್ಯಾಲ್ಸಿಯಂ ಸಾಲದಿದ್ದರೆ ಮೀನಿನ ಕಿವಿರು ಸೋರತೊಡಗುತ್ತದೆ. ಮೈಗೆ ಸೇರಿದ ಹೆಚ್ಚುವರಿ ಉಪ್ಪನ್ನು ಹೊರಹಾಕುವ ಕಿವಿರಿನ ಪಂಪಿಗೆ ಪೊಟ್ಯಾಸಿಯಂ ಬೇಕು. ಹರಿಯಾಣದಲ್ಲಿ ಕೊಳವೆಬಾವಿಯ ಉಪ್ಪುನೀರಿನಲ್ಲಿ ಸೀಗಡಿ ಸಾಕುವವರು ಕೊಳಕ್ಕೆ ಪೊಟ್ಯಾಷ್ ಸುರಿಯುವುದು ಇದೇ ಕಾರಣಕ್ಕೆ.

ಸಾವಿಗೆ ಇದೊಂದೇ ಕಾರಣ ಎಂದು ಆಣೆ ಹಾಕಲಾರೆ. ಹೊಸ ತೊಟ್ಟಿಯಲ್ಲಿ ಮೀನಿನದೇ ಅಮೋನಿಯ ಸೇರಿಕೊಂಡು ಕೊಲ್ಲುವುದೂ ಸಾಮಾನ್ಯ.

ಪ್ರಶ್ನೆ, ತದಡಿಯಿಂದ: ಹಾಗಾದರೆ ಅಘನಾಶಿನಿ ಹೊಳೆಯ ಬಳಚು (ಚಿಪ್ಪಿನ ಜೀವಿ) ಹೇಗೆ ಬದುಕುತ್ತದೆ? ಮಳೆಗಾಲದಲ್ಲಿ ಅಲ್ಲಿ ಉಪ್ಪೇ ಇರುವುದಿಲ್ಲ.

ಉತ್ತರ: ಚಿಪ್ಪು ಮುಚ್ಚಿಕೊಂಡು. ಒಳಗೆ ಸ್ವಲ್ಪ ಉಪ್ಪುನೀರು ಹಿಡಿದಿಟ್ಟುಕೊಂಡು ಆಮ್ಲಜನಕವಿಲ್ಲದೇ ದಿನ ದೂಡುತ್ತದೆ. ಹಾಗೆ ದೂಡುವಾಗ ಮೈಯಲ್ಲಿ ಆಮ್ಲ ಕೂಡುತ್ತದೆ. ಅದನ್ನು ಕಳೆಯಲು ತನ್ನದೇ ಚಿಪ್ಪಿನ ಒಳಮೈಯ ಸುಣ್ಣವನ್ನು ಕರಗಿಸಿಕೊಳ್ಳುತ್ತದೆ. ಹಸಿವಾದಾಗ ಮನೆಯ ಗೋಡೆ ಕೆರೆದು ತಿಂದ ಹಾಗೆ. ನೆರೆ ಬೇಗ ಇಳಿದರೆ ಉಳಿಯಿತು, ತುಂಬಾ ದಿನ ನಿಂತರೆ ರಾಶಿ ರಾಶಿ ಸಾಯುತ್ತದೆ.

ಪ್ರಶ್ನೆ, ಮಲ್ಪೆಯಿಂದ: ರಜೆ ಮುಗಿದು ಆಗಸ್ಟ್‌ನಲ್ಲಿ ಟ್ರಾಲ್ ಬಲೆ ಬಿಟ್ಟರೆ ಕೆಲವು ಕಡೆ ತಳದಲ್ಲಿ ಏನೂ ಸಿಗುವುದಿಲ್ಲ. ಮೇಲೆ ನೋಡಿದರೆ ಬೂತಾಯಿ ಮೀನು ಇದೆ. ಇದೂ ಉಪ್ಪಿನ ಆಟವೇ?

ಉತ್ತರ: ಉಪ್ಪಿನದು ಅರ್ಧ, ಉಸಿರಿನದು ಅರ್ಧ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯಲ್ಲಿ ಆಳದ ತಣ್ಣನೆಯ ನೀರು ದಡದ ಕಡೆಗೆ ಏರಿ ಬರುತ್ತದೆ. ಅದರಲ್ಲಿ ನೈಟ್ರೇಟ್, ಫಾಸ್ಫೇಟ್ ತುಂಬಿರುತ್ತದೆ. ಅದನ್ನು ಉಂಡು ಸಸ್ಯಪ್ಲವಕ, ಅಂದರೆ ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯಗಳು, ಬೆಳೆಯುತ್ತದೆ, ಅದನ್ನು ನಂಬಿ ಬೂತಾಯಿ ಬರುತ್ತದೆ. ಆದರೆ ಆ ನೀರು ಬರುವಾಗಲೇ ಆಮ್ಲಜನಕದಲ್ಲಿ ಬಡವ. ಮೇಲೆ ಮಳೆ ಮತ್ತು ಹೊಳೆಗಳ ಸಿಹಿನೀರು ಹಗುರವಾಗಿ ಮುಚ್ಚಳದಂತೆ ಕೂರುತ್ತದೆ, ಗಾಳಿ ಕೆಳಗಿಳಿಯಲು ಬಿಡುವುದಿಲ್ಲ. ಸತ್ತ ಪ್ಲವಕ ತಳದಲ್ಲಿ ಕೊಳೆಯುತ್ತಾ ಇದ್ದಬದ್ದದ್ದನ್ನೂ ಮುಗಿಸುತ್ತದೆ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ (ಎನ್‌ಐಒ) ವಿಜ್ಞಾನಿಗಳು ಈ ಬಗ್ಗೆ 2000ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದಿದ್ದರು.

ಇದನ್ನು ಕಣ್ಣಾರೆ ಕಾಣಬಹುದು. ನಾವು ನೀರನ್ನು ಗಾಜಿನ ಬಾಟಲಿಗೆ ಒಂದು ಗುಳ್ಳೆಯೂ ಇಲ್ಲದಂತೆ ಉಕ್ಕಿಸಿ ತುಂಬಿ, ಮ್ಯಾಂಗನೀಸ್ ದ್ರಾವಣ, ಆಮೇಲೆ ಕ್ಷಾರ-ಅಯೋಡೈಡ್ ದ್ರಾವಣ ಬಿಡುತ್ತೇವೆ. ಆಮ್ಲಜನಕ ಇದ್ದರೆ ಒಡೆದ ಹಾಲಿನಂಥ ಕಂದು ಗಷ್ಟು ಕೂರುತ್ತದೆ. ಒಂದು ಸೆಪ್ಟೆಂಬರ್, 25 ಮೀಟರ್ ಆಳದ ಜಾಗ: ಮೇಲಿನ ಬಾಟಲಿ ಕಾಫಿ ಬಣ್ಣ, ನಡುವಿನದು ತಿಳಿ ಹಳದಿ, ತಳದ್ದು ಬೆಳ್ಳಗೆ ಬೆಳ್ಳಗೆ. ಬಿರಡೆ ತೆಗೆದರೆ ಕೊಳೆತ ಮೊಟ್ಟೆಯ ವಾಸನೆ. ನಮ್ಮ ಹುಡುಗರು ದ್ರಾವಣ ಕೆಟ್ಟಿದೆ ಎಂದುಕೊಂಡು ಹೊಸದಾಗಿ ಮಾಡಿದರು. ಮತ್ತೆ ಬಿಳಿಯೇ. ನಮ್ಮ ಬೆಚ್ಚನೆಯ ಸಮುದ್ರದಲ್ಲಿ ತುಂಬಿದಾಗಲೂ ಲೀಟರಿಗೆ ಆರು, ಆರೂವರೆ ಮಿಲಿಗ್ರಾಂ ಅಷ್ಟೇ ಆಮ್ಲಜನಕ ಹಿಡಿಯುವುದು. ಅದೂ ಇಲ್ಲದ ಕಡೆ ಈಜಬಲ್ಲದ್ದು ಓಡಿಹೋಗುತ್ತದೆ, ಆಗದ್ದು ಸಾಯುತ್ತದೆ.

ಪ್ರಶ್ನೆ: ಸಮುದ್ರ ಆಮ್ಲ ಆಗ್ತಿದೆ ಅಂತಾರಲ್ಲ, ನಿಜವೇ?

ಉತ್ತರ: ಆಮ್ಲ ಆಗಿಲ್ಲ, ಕ್ಷಾರ ಕಡಿಮೆಯಾಗುತ್ತಿದೆ. ಕೈಗಾರಿಕೆ ಶುರುವಾಗುವ ಮುಂಚೆ ಮೇಲ್ಮೈ ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ, 7ಕ್ಕಿಂತ ಮೇಲೆ ಕ್ಷಾರ) ಸುಮಾರು 8.2 ಇತ್ತು, ಈಗ 8.1ರ ಆಸುಪಾಸು. ಒಂದು ದಶಾಂಶ ಅಂತ ನಗಬೇಡಿ, ಹೈಡ್ರೋಜನ್ ಅಯಾನು ಲೆಕ್ಕದಲ್ಲಿ ಅದು ಹತ್ತಿರ ಹತ್ತಿರ ಶೇ 30ರ ಏರಿಕೆ. ನೀರಿಗಿಳಿದ ಇಂಗಾಲದ ಡೈಆಕ್ಸೈಡ್ ಕಾರ್ಬೊನೇಟನ್ನು ಬೈಕಾರ್ಬೊನೇಟ್ ಮಾಡಿಬಿಡುತ್ತದೆ. ಚಿಪ್ಪು ಕಟ್ಟುವವರಿಗೆ ಕ್ಯಾಲ್ಸಿಯಂ ಧಾರಾಳ ಇದೆ, ಕೊರತೆ ಬೀಳುವುದು ಆ ಕಾರ್ಬೊನೇಟಿನದು.

ಪ್ರಶ್ನೆ, ಮತ್ತೆ ಕುಮಟಾದಿಂದ: ಶಂಖದ ಹುಳುಗಳಿಗೆ ಈಗ ಏನು ಮಾಡಲಿ? ಸಮುದ್ರದ ನೀರನ್ನೇ ತರಲೇ?

ಉತ್ತರ: ಮುಂದೆ ಸಾಕುವುದಾದರೆ ಭರತದ (ಉಬ್ಬರದ) ಹೊತ್ತಿಗೆ, ಅಳಿವೆಯಿಂದ ದೂರದಲ್ಲಿ ತುಂಬಿಕೊಳ್ಳಿ. ಮಳೆಗಾಲದಲ್ಲಂತೂ ಬೇಡ. ನೀರಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ 1.025ರ ಹತ್ತಿರ ತೋರಿಸಬೇಕು, ಗಾಳಿ ಪಂಪ್ ಇರಬೇಕು. ಆದರೆ ಈ ನಾಲ್ಕನ್ನು ತಂದ ಗುಂಡಿಗೇ ಬಿಡಿ. ಇವತ್ತೇ.

ಕುಮಟಾದಿಂದ, ರಾತ್ರಿ: ಮಗಳ ಜೊತೆ ಹೋಗಿ ಬಿಟ್ಟು ಬಂದೆವು ಸರ್. ಎರಡು ಹತ್ತು ನಿಮಿಷದಲ್ಲಿ ಬಾಗಿಲು ತೆರೆದವು. ಇನ್ನೆರಡನ್ನು ನಾಳೆ ಇಳಿತಕ್ಕೆ ನೋಡಿ ಬರಬೇಕಂತೆ.