ಭಾನುವಾರದ ಪ್ರಶ್ನೋತ್ತರ: ಮನಸ್ಸಿನ ಕಾಯಿಲೆ, ಮಾತ್ರೆ, ಥೆರಪಿ – ಸಂಜೆ 4ರಿಂದ

ಅಡ್ಮಿನ್ (4:00): ಎಲ್ರಿಗೂ ನಮಸ್ಕಾರ. ಹೇಳಿದ ಹಾಗೆ ಸೈಕಿಯಾಟ್ರಿಸ್ಟ್ ಮೇಡಂ ಇವತ್ತು ನಮ್ಮ ಗ್ರೂಪಲ್ಲಿ ಇರ್ತಾರೆ, ಶಿವಮೊಗ್ಗದಲ್ಲಿ 19 ವರ್ಷದಿಂದ ಪ್ರಾಕ್ಟೀಸ್ ಮಾಡ್ತಿದಾರೆ. ಪೇಷಂಟ್ ಹೆಸರು, ಫೋಟೋ, ಚೀಟಿ ಹಾಕ್ಬೇಡಿ. ಒಬ್ಬರಿಗೆ ಒಂದು ಪ್ರಶ್ನೆ. ಫಾರ್ವರ್ಡ್ ದಯವಿಟ್ಟು ಬೇಡ.

ಅಡಿಕೆ ತೋಟ (4:03): ನಮಸ್ತೆ ಮೇಡಂ. ಡಿಪ್ರೆಶನ್ ಅಂತ ಹೇಳಿ ಎಸಿಟಲೋಪ್ರಾಮ್ ಕೊಟ್ಟಿದಾರೆ, ಇವತ್ತಿಗೆ 9 ದಿನ. ಹೊಟ್ಟೆ ತೊಳಸೋದು ಬಿಟ್ರೆ ಬೇರೇನೂ ಗೊತ್ತಾಗ್ತಿಲ್ಲ. ನಿಲ್ಸಿಬಿಡ್ಲಾ?

ಡಾಕ್ಟರ್ (4:06): ನಿಲ್ಲಿಸ್ಬೇಡಿ. ಹೊಟ್ಟೆ ತೊಳಸೋದು ಮೊದಲ ವಾರ ಹತ್ತು ದಿನ ಇರುತ್ತೆ, ಊಟ ಆದ್ಮೇಲೆ ತಗೊಳ್ಳಿ. ಮನಸ್ಸಿಗೆ ಗುಣ ಕಾಣೋಕೆ 2ರಿಂದ 4 ವಾರ ಬೇಕು, ಕೆಲವರಿಗೆ 6 ವಾರ. ಗುಣ ಆದ ಮೇಲೂ ಕನಿಷ್ಠ 6 ತಿಂಗಳು ಮುಂದುವರಿಸ್ಬೇಕು, ಇಲ್ಲಾಂದ್ರೆ ವಾಪಸ್ ಬರುತ್ತೆ. ಈ ಮಧ್ಯೆ ಸಾಯ್ಬೇಕು ಅನ್ನೋ ಯೋಚನೆ ಬಂದ್ರೆ, ಚಡಪಡಿಕೆ ಜಾಸ್ತಿ ಆದ್ರೆ ಅಪಾಯಿಂಟ್‌ಮೆಂಟ್ ಕಾಯದೆ ಅವತ್ತೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ. ರಾತ್ರಿ ಆಗಿದ್ರೆ 14416, ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.

ಭದ್ರಾವತಿ ಬಸ್ಸು (4:08): ಮೇಡಂ ಈ ಮಾತ್ರೆ ಅಡಿಕ್ಟ್ ಆಗುತ್ತಾ

ಡಾಕ್ಟರ್ (4:09): ಎಸಿಟಲೋಪ್ರಾಮ್ ಥರದ್ದು ಚಟ ಹಿಡಿಸಲ್ಲ, ಆದ್ರೆ ಏಕ್ದಂ ನಿಲ್ಲಿಸಿದ್ರೆ ತಲೆಸುತ್ತು, ಕಿರಿಕಿರಿ ಆಗುತ್ತೆ, ಅದಕ್ಕೇ ನಿಧಾನಕ್ಕೆ ಇಳಿಸ್ತೀವಿ. ಚಟ ಆಗೋದು ನಿದ್ದೆಗೆ, ಆತಂಕಕ್ಕೆ ಕೊಡೋ ಆಲ್ಪ್ರಜೋಲಾಮ್, ಕ್ಲೋನಜೆಪಾಮ್ ಥರದ್ದು, ಚೀಟಿ ಇಲ್ದೆ ತಿಂಗಳುಗಟ್ಲೆ ನುಂಗಿದ್ರೆ. ಅದನ್ನೂ ಏಕ್ದಂ ನಿಲ್ಲಿಸ್ಬೇಡಿ, ಫಿಟ್ಸ್ ಬರಬಹುದು.

ಸೊಸೆ ಒಬ್ಬಳು (4:12): ಮೇಡಂ ನಮ್ಮತ್ತೆಗೆ 58. ಮೊದ್ಲಿಂದ್ಲೂ ಮಡಿ ಜಾಸ್ತಿನೇ, ಆದ್ರೆ ಎರಡು ವರ್ಷದಿಂದ ಬೆಳಿಗ್ಗೆ ಬಚ್ಚಲಿಗೆ ಹೋದ್ರೆ ಮೂರು ಗಂಟೆ. ನಲ್ಲಿ ತೊಳೀತಾರೆ, ನಲ್ಲಿ ಮುಟ್ಟಿದ ಕೈ ತೊಳೀತಾರೆ, ತೊಳೆದ ಕೈಯಲ್ಲಿ ನಲ್ಲಿ ತಿರುಗಿಸ್ಬೇಕಲ್ಲ ಅಂತ ಮತ್ತೆ ನಲ್ಲಿ ತೊಳೀತಾರೆ. ಬೆರಳ ಸಂದಿಯೆಲ್ಲ ಬಿಳಿಚಿ ಬಿರುಕು ಬಿಟ್ಟು ರಕ್ತ ಬರ್ತಿದೆ. ನಾನು ಪೇಟೆಯಿಂದ ಬಂದ್ರೆ "ಚಿಲಕ ಮುಟ್ಟಿಲ್ಲ ತಾನೇ" ಅಂತ ಹತ್ತು ಸಲ ಕೇಳ್ತಾರೆ, ಇಲ್ಲ ಅಂತ ಹತ್ತು ಸಲ ಹೇಳ್ಬೇಕು, ಇಲ್ಲಾಂದ್ರೆ ಊಟ ಮಾಡಲ್ಲ. ಇದು ಮಡಿನಾ ಕಾಯಿಲೆನಾ?

ಡಾಕ್ಟರ್ (4:24): ಇದಕ್ಕೆ ಸ್ವಲ್ಪ ಉದ್ದ ಬರೀತೀನಿ, ಯಾಕಂದ್ರೆ ನಮ್ಮ ಕಡೆ ಎಷ್ಟೋ ಮನೇಲಿ ಈ ಕಾಯಿಲೆ ಮಡಿ ಅನ್ನೋ ಹೆಸರಲ್ಲಿ ಹತ್ತು ಹದಿನೈದು ವರ್ಷ ಅಡಗಿಕೊಂಡಿರುತ್ತೆ.

ಮಡಿಗೆ ಒಂದು ಕೊನೆ ಇದೆ. ನಮ್ಮಜ್ಜಿ ತಣ್ಣೀರು ಸ್ನಾನ ಮಾಡಿ, ಮಡಿ ಉಟ್ಟು, ಅಡುಗೆ ಮಾಡಿ, ಎಲ್ಲರಿಗೂ ಬಡಿಸಿ, ಆಮೇಲೆ ಕಂಬಕ್ಕೆ ಒರಗಿ ಕೂತ್ರೆ ಮುಗೀತು, ಮುಖದಲ್ಲಿ ಸಮಾಧಾನ ಇರ್ತಿತ್ತು. ನಿಮ್ಮತ್ತೆಗೆ ಮುಗಿಯೋದೇ ಇಲ್ಲ. ತೊಳೆದಷ್ಟೂ ಅನುಮಾನ ಹುಟ್ಟುತ್ತೆ. ಇದು ಗೀಳು ಕಾಯಿಲೆ, ಓಸಿಡಿ. ಅವರಿಗೂ ಇದು ಅತಿ ಅಂತ ಒಳಗೊಳಗೆ ಗೊತ್ತಿರುತ್ತೆ, ಬಿಡೋಕಾಗಲ್ಲ. ಹಠ ಅಂತ ಬೈಬೇಡಿ.

ಇದಕ್ಕೆ ಎರಡು ದಾರಿ ಇದೆ, ಎರಡೂ ಒಟ್ಟಿಗೆ ಮಾಡಿದ್ರೆ ಒಳ್ಳೇದು. ಒಂದು ಮಾತ್ರೆ, ಡಿಪ್ರೆಶನ್ನಿಗೆ ಕೊಡೋ ಜಾತಿಯದ್ದೇ, ಆದ್ರೆ ಡೋಸ್ ಸಾಮಾನ್ಯವಾಗಿ ಜಾಸ್ತಿ ಬೇಕು, 10–12 ವಾರ ಕಾಯ್ಬೇಕು. ಇನ್ನೊಂದು ಇಆರ್‌ಪಿ ಅನ್ನೋ ಥೆರಪಿ. ಕ್ಲಿನಿಕಲ್ ಸೈಕಾಲಜಿಸ್ಟ್ ಜೊತೆ ಕೂತು ಭಯಗಳ ಪಟ್ಟಿ ಮಾಡ್ತೀವಿ, ಒಂದೊಂದಕ್ಕೂ 100ಕ್ಕೆ ಎಷ್ಟು ಭಯ ಅಂತ ಅವರೇ ಅಂಕ ಕೊಡ್ತಾರೆ. ಚಿಲಕಕ್ಕೆ 40, ಹೊರಗಿನ ಚಪ್ಪಲಿಗೆ 90 ಅಂತಿಟ್ಕೊಳ್ಳಿ. ಕೆಳಗಿಂದ ಶುರು. ಚಿಲಕ ಮುಟ್ಟೋದು, ಕೈ ತೊಳೀದೆ ಕೂತ್ಕೊಳ್ಳೋದು. ಮೊದಮೊದಲು ಎದೆ ಹೊಡ್ಕೊಳ್ಳುತ್ತೆ, ಬೆವರುತ್ತೆ, ಅಳುನೂ ಬರುತ್ತೆ. ಆದ್ರೆ ಭಯ ಹಾಗೇ ಏರ್ತಾ ಹೋಗಲ್ಲ, ತಾನಾಗೇ ಇಳಿಯುತ್ತೆ. ಅದು ಬಾಯಲ್ಲಿ ಹೇಳಿದ್ರೆ ಆಗಲ್ಲ, ಅವರ ಮೈಗೆ ಗೊತ್ತಾಗ್ಬೇಕು, ಅದಕ್ಕೇ ದಿನಾ ಮಾಡ್ಬೇಕು. ನನ್ನ ಹತ್ರ ಬಂದ ಒಬ್ಬರು ಅಜ್ಜಿ ಮೊದಲ ದಿನ ಚಿಲಕ ಮುಟ್ಟಿ, ಆ ಕೈನ ಮೈಗೆ ತಾಗದ ಹಾಗೆ ಗಾಳಿಯಲ್ಲಿ ಎತ್ತಿ ಹಿಡ್ಕೊಂಡು ಮುಕ್ಕಾಲು ಗಂಟೆ ಕೂತಿದ್ರು. ನಾಲ್ಕನೇ ವಾರ ಅದೇ ಕೈಯಲ್ಲಿ ಬಾಳೆಹಣ್ಣು ಸುಲಿದು ತಿಂದ್ರು.

ಈಗ ನಿಮ್ಮ ವಿಷಯ. ನೀವು ಹತ್ತು ಸಲ "ಮುಟ್ಟಿಲ್ಲ ಅತ್ತೆ" ಅಂತ ಹೇಳೋದಿದೆಯಲ್ಲ, ಅದು ಪ್ರೀತಿಯಿಂದಾನೇ, ಆದ್ರೆ ಅದರಿಂದ ಕಾಯಿಲೆ ಬೆಳೆಯುತ್ತೆ. ನಾಳೆನೇ ನಿಲ್ಲಿಸಿ ಅಂತ ಹೇಳ್ತಿಲ್ಲ, ಥೆರಪಿಯಲ್ಲಿ ನಿಮ್ಮನ್ನೂ ಕೂರಿಸ್ಕೊಂಡು ಹತ್ತನ್ನ ಐದಕ್ಕೆ, ಐದನ್ನ ಒಂದಕ್ಕೆ ಇಳಿಸ್ತಾರೆ. ನಿಮ್ಹಾನ್ಸಲ್ಲಿ ಇದಕ್ಕೇ ಬೇರೆ ಕ್ಲಿನಿಕ್ ಇದೆ, ಧಾರವಾಡದ ಡಿಮ್ಹಾನ್ಸಲ್ಲೂ ತೋರಿಸಬಹುದು. ಬಿರುಕು ಬಿಟ್ಟ ಕೈಗೆ ಸದ್ಯಕ್ಕೆ ವ್ಯಾಸಲೀನ್ ಹಚ್ಚಿ.

ಶೆಟ್ರ ಅಂಗಡಿ (4:27): ಮೋಟರ್ ಆಫ್ ಮಾಡಿ, ನೀರೇ ಇಲ್ದಿದ್ರೆ ಏನು ತೊಳೀತಾರೆ

ಡಾಕ್ಟರ್ (4:30): ಮಾಡ್ಬೇಡಿ. 1966ರಲ್ಲಿ ಲಂಡನ್ನಿನ ವಿಕ್ಟರ್ ಮೇಯರ್ ಇದೇ ಥರದ ಕಾಯಿಲೆಗೆ ತೊಳೆಯೋದನ್ನ ತಡೆದು ಗುಣ ಮಾಡಿ ತೋರಿಸಿದ್ದು ನಿಜ, ಈ ಥೆರಪಿಗೆ ಬುನಾದಿ ಅದೇ. ಅದು ಆಸ್ಪತ್ರೆ ಒಳಗೆ, ಪಕ್ಕದಲ್ಲೇ ಸಿಬ್ಬಂದಿ ಇಟ್ಕೊಂಡು, ರೋಗಿಯ ಒಪ್ಪಿಗೆ ಮೇಲೆ. ಮನೇಲಿ ನೀರು ಬಂದ್ ಮಾಡಿದ್ರೆ ಅದು ಚಿಕಿತ್ಸೆ ಅಲ್ಲ, ಹಿಂಸೆ.

ಆರೋಗ್ಯ ಭಾಗ್ಯ (4:31): ಅಂದ್ರೆ ಮಡಿ ಮಾಡೋರಿಗೆಲ್ಲ ಹುಚ್ಚು ಅಂತಾಯ್ತು. ನಮ್ಮ ಹಿರಿಯರೆಲ್ಲ ದಡ್ಡರು

ಟೀಚರಮ್ಮ (4:32): ಅವರು ಬರೆದಿದ್ದು ಪೂರ್ತಿ ಓದಿ ಸರ್. ಮಡಿಗೆ ಕೊನೆ ಇದೆ ಅಂತ ಮೊದಲ ಸಾಲಲ್ಲೇ ಇದೆ.

ಆರೋಗ್ಯ ಭಾಗ್ಯ (4:33): ಓದಿದೀನಿ ಮೇಡಂ ನನಗೂ ಕನ್ನಡ ಬರುತ್ತೆ

ಹೆಸರು ಬೇಡ (4:35): ಮೇಡಂ, ಮದುವೆಗೆ ಮುಂಚೆ ಹುಡುಗನ ಕಡೆಯವರಿಗೆ ಮಾತ್ರೆ ತಗೊಳ್ಳೋ ವಿಷಯ ಹೇಳ್ಬೇಕಾ? ಮನೇಲಿ ಬೇಡ ಅಂತಿದಾರೆ.

ಶೆಟ್ರ ಅಂಗಡಿ (4:36): ಹೇಳಿದ್ರೆ ಸಂಬಂಧ ಮುರೀತು ಅಂತಾನೇ ಅರ್ಥ

ಟೀಚರಮ್ಮ (4:37): ಮುಚ್ಚಿಟ್ಟು ಮದುವೆ ಮಾಡಿದ್ರೆ ಮಾತ್ರೆ ಬಚ್ಚಿಟ್ಕೊಂಡು ನುಂಗ್ಬೇಕು, ಒಂದಿನ ತಪ್ಪುತ್ತೆ, ಕಾಯಿಲೆ ಮರುಕಳಿಸುತ್ತೆ. ನಮ್ಮ ಚಿಕ್ಕಪ್ಪನ ಮಗಳಿಗೆ ಅದೇ ಆಗಿದ್ದು.

ಆರೋಗ್ಯ ಭಾಗ್ಯ (4:40): *ಎಲ್ಲರಿಗೂ ಕಳಿಸಿ* ಮಾನಸಿಕ ರೋಗಕ್ಕೆ ಇಂಗ್ಲಿಷ್ ಮಾತ್ರೆ ಬೇಡ!! 21 ದಿನ ಉಪ್ಪು ಪೂರ್ತಿ ಬಿಡಿ, ಬೆಳಿಗ್ಗೆ ಬ್ರಾಹ್ಮಿ ತುಪ್ಪ, ರಾತ್ರಿ ಜಟಾಮಾಂಸಿ ಕಷಾಯ, ಬಿಪಿ ನಿದ್ದೆ ಚಿಂತೆ ಮೂರೂ ಮಾಯ. ಆಸ್ಪತ್ರೆಗೆ ಹೋದ್ರೆ ಕರೆಂಟ್ ಕೊಟ್ಟು ಮೆದುಳು ಸುಟ್ಟು ಹಾಕ್ತಾರೆ ಎಚ್ಚರ!!

ಅಡ್ಮಿನ್ (4:41): ಸರ್ ಫಾರ್ವರ್ಡ್ ಬೇಡ ಅಂತ ಹೇಳಿದ್ವಿ

ಮೌನಿ (4:46): ಕರೆಂಟ್ ಅಂತ ಬರೆದ್ರಲ್ಲ. ನಮ್ಮಮ್ಮ 2016ರಲ್ಲಿ ಮಾತು ನಿಲ್ಸಿದ್ರು. ಊಟ ಇಲ್ಲ, ನೀರಿಲ್ಲ, ಕೈ ಎತ್ತಿ ಇಟ್ರೆ ಎತ್ತಿದ ಹಾಗೇ ಇರೋದು. ಐದು ದಿನ ಮೂಗಿಗೆ ಪೈಪ್ ಹಾಕಿ ಗಂಜಿ ಕೊಟ್ವಿ. ಇಸಿಟಿ, ಅಂದ್ರೆ ಆ ಕರೆಂಟ್ ಚಿಕಿತ್ಸೆ, ಶುರು ಮಾಡಿದ್ರು, ನಾಲ್ಕನೇದು ಆದ ಮಧ್ಯಾಹ್ನ "ಉಪ್ಪಿನಕಾಯಿ ಇಲ್ವಾ" ಅಂತ ಕೇಳಿದ್ರು. ಮೆದುಳು ಸುಡಲಿಲ್ಲ ಸರ್.

ಡಾಕ್ಟರ್ (4:50): ಥ್ಯಾಂಕ್ಸ್ ಮೌನಿ. ಇಸಿಟಿಗೆ ಅನಸ್ತೇಶಿಯಾ, ಸ್ನಾಯು ಸಡಿಲ ಮಾಡೋ ಔಷಧಿ ಎರಡೂ ಕೊಡ್ತಾರೆ. ಅದಿಲ್ದೆ ಕೊಡೋದನ್ನ 2017ರ ಮಾನಸಿಕ ಆರೋಗ್ಯ ಕಾಯ್ದೆನೇ ನಿಷೇಧಿಸಿದೆ. ಆ ದಿನಗಳ ನೆನಪು ಸ್ವಲ್ಪ ಮಸುಕಾಗುತ್ತೆ, ಕೆಲವರಿಗೆ ಹಿಂದಿನ ಕೆಲವು ನೆನಪೂ ಹೋಗಬಹುದು, ಅದನ್ನ ನಾವು ಮೊದಲೇ ಹೇಳ್ತೀವಿ.

ಮತ್ತೆ ಆ ಫಾರ್ವರ್ಡ್. ಉಪ್ಪು ಪೂರ್ತಿ ಬಿಡಿ ಅನ್ನೋದು ಲಿಥಿಯಂ, ಅಂದ್ರೆ ಮನಸ್ಸು ವಿಪರೀತ ಏರಿ ಇಳಿಯೋ ಬೈಪೋಲಾರ್ ಕಾಯಿಲೆಯ ಮಾತ್ರೆ, ತಗೊಳ್ಳೋರಿಗೆ ವಿಷ. ಸುಮ್ನೆ ಹೆದರಿಸ್ತಿಲ್ಲ. ದಯವಿಟ್ಟು ಅಳಿಸಿ.

ಭದ್ರಾವತಿ ಬಸ್ಸು (4:52): ನಿದ್ದೆ ಮಾತ್ರೆ ಅಡಿಕ್ಟ್ ಆಗುತ್ತಾ ಮೇಡಂ

ಡಾಕ್ಟರ್ (4:52): ಮೇಲೆ ಹೇಳಿದೀನಿ.

ದೊಡ್ಮಗಳು (4:55): ಮೇಡಂ ನೀವು ಲಿಥಿಯಂ ಅಂದಿದ್ದಕ್ಕೆ ಕೇಳ್ತಿದೀನಿ. ಅಪ್ಪನಿಗೆ 61, ಬೈಪೋಲಾರ್, 14 ವರ್ಷದಿಂದ ಲಿಥಿಯಂ 900, ಚೆನ್ನಾಗೇ ಇದ್ರು. ಈ ಉಪ್ಪಿನ ಮೆಸೇಜ್ ಹೋದ ತಿಂಗಳೇ ಬೇರೆ ಗ್ರೂಪಲ್ಲಿ ಬಂದಿತ್ತು, ಬಿಪಿ ಇದೆಯಲ್ಲ ಅಂತ ಅಪ್ಪ 12 ದಿನದಿಂದ ಉಪ್ಪು ಬಿಟ್ಟಿದಾರೆ. ಮೂರು ದಿನದಿಂದ ಕೈ ನಡುಗ್ತಿದೆ, ಕಾಫಿ ಲೋಟ ಹಿಡಿದ್ರೆ ಅರ್ಧ ಪಂಚೆ ಮೇಲೆ. ಬೇಧಿ ಆಗ್ತಿದೆ. ಇವತ್ತು ಕುಡಿದೋರ ಥರ ಓಲಾಡ್ತಾ ಗೋಡೆ ಹಿಡ್ಕೊಂಡು ನಡೀತಿದಾರೆ. ವಯಸ್ಸಿಗೆ ಹಾಗಾಗುತ್ತಾ?

ಡಾಕ್ಟರ್ (4:56): ವಯಸ್ಸಲ್ಲ. ಇವತ್ತು ರಾತ್ರಿಯ ಲಿಥಿಯಂ ಕೊಡ್ಬೇಡಿ. ಈಗ್ಲೇ ಹೊರಡಿ, ಡಯಾಲಿಸಿಸ್ ಇರೋ ಆಸ್ಪತ್ರೆಯ ಕ್ಯಾಶುಯಾಲ್ಟಿಗೆ. ಬಿಪಿಗೆ ಯಾವ ಮಾತ್ರೆ? ಸ್ಟ್ರಿಪ್ ನೋಡಿ ಹೇಳಿ.

ದೊಡ್ಮಗಳು (4:59): ಟೆಲ್ಮಿಸಾರ್ಟಾನ್ ಎಚ್ ಅಂತ ಇದೆ. ಆರು ವಾರ ಆಯ್ತು ಶುರು ಮಾಡಿ. ಬೇರೆ ಡಾಕ್ಟರ್ ಕೊಟ್ಟಿದ್ದು. ಲಿಥಿಯಂ ವಿಷಯ ಅವರಿಗೆ ಹೇಳಿಲ್ಲ ಮೇಡಂ, ನಮ್ಮೂರೇ ಅವರದ್ದು, ಗೊತ್ತಾದ್ರೆ ಊರಿಗೆಲ್ಲ ಗೊತ್ತಾಗುತ್ತೆ ಅಂತ ಅಮ್ಮ ಬೇಡ ಅಂದ್ರು.

ಡಾಕ್ಟರ್ (5:07): ಹೊರಟಿದೀರಿ ಅಂದ್ಕೊಂಡು ಬರೀತಿದೀನಿ, ಆಟೋದಲ್ಲಿ ಕೂತು ಓದಿ.

ಲಿಥಿಯಂ ಅಂದ್ರೆ ಅದೂ ಒಂದು ಲವಣನೇ, ಕಿಡ್ನಿಗೆ ಅದಕ್ಕೂ ಅಡುಗೆ ಉಪ್ಪಿಗೂ ಹೆಚ್ಚು ವ್ಯತ್ಯಾಸ ಗೊತ್ತಾಗಲ್ಲ. ಉಪ್ಪು ಕಮ್ಮಿ ಆದ ಕೂಡ್ಲೇ ಕಿಡ್ನಿ ಇರೋ ಉಪ್ಪನ್ನ ಬಿಡದೆ ಹಿಡ್ಕೊಳ್ಳುತ್ತೆ, ಜೊತೆಗೆ ಲಿಥಿಯಮ್ಮನ್ನೂ ಹಿಡ್ಕೊಳ್ಳುತ್ತೆ. ಆ ಎಚ್ ಅಂದ್ರೆ ನೀರಿಳಿಸೋ ಔಷಧಿ, ಥಯಾಜೈಡ್, ಅದೂ ಲೆವೆಲ್ ಏರಿಸುತ್ತೆ, ಟೆಲ್ಮಿಸಾರ್ಟಾನೂ ಏರಿಸುತ್ತೆ. ಮೇಲಿಂದ ಬೇಧಿಯಾಗಿ ಮೈ ಒಣಗಿದೆ. ಮಂಡಿನೋವಿಗೆ ಅಂತ ಡೈಕ್ಲೋಫೆನಾಕ್, ಐಬುಪ್ರೊಫೆನ್ ಏನಾದ್ರೂ ಕೊಟ್ಟಿದ್ರೆ ಅದನ್ನೂ ಹೇಳಿ. ಲಿಥಿಯಂ ರಕ್ತದಲ್ಲಿ 0.6ರಿಂದ 1.0 ಇದ್ರೆ ಔಷಧಿ, 1.5 ದಾಟಿದ್ರೆ ವಿಷ. ಇಷ್ಟು ಹತ್ತಿರದ ಗಡಿ ಇರೋ ಮಾತ್ರೆ ನಮ್ಮ ಹತ್ರ ಕಮ್ಮಿ. ಸಣ್ಣ ನಡುಕ ಲಿಥಿಯಂ ತಗೊಳ್ಳೋ ಎಷ್ಟೋ ಜನಕ್ಕೆ ಇರುತ್ತೆ, ಆದ್ರೆ ಲೋಟ ಚೆಲ್ಲೋ ನಡುಕ, ಓಲಾಟ, ನಾಲಿಗೆ ತೊದಲೋದು, ತೂಕಡಿಕೆ, ಇವು ಬೇರೆ. ತಡ ಮಾಡಿದ್ರೆ ಫಿಟ್ಸ್ ಬರುತ್ತೆ, ಓಲಾಟ ಕೆಲವರಿಗೆ ಕಾಯಂ ಉಳಿದುಬಿಡುತ್ತೆ.

ಬಾಗಿಲಲ್ಲೇ ಲಿಥಿಯಂ ಅಂತ ಹೇಳಿ. ರಕ್ತದಲ್ಲಿ ಲಿಥಿಯಂ, ಕಿಡ್ನಿಗೆ ಕ್ರಿಯಾಟಿನಿನ್, ಸೋಡಿಯಂ, ಇಸಿಜಿ ನೋಡ್ಬೇಕು. ಮಾಮೂಲಿ ಟೆಸ್ಟಿಗೆ ಕೊನೇ ಡೋಸ್ ಆಗಿ 12 ಗಂಟೆ ಕಾಯ್ತೀವಿ, ಇವತ್ತು ಕಾಯಬಾರದು. ಮನೇಲೇ ಉಪ್ಪುನೀರು ಕುಡಿಸೋಕೆ ಹೋಗ್ಬೇಡಿ, ಅಲ್ಲಿ ಅಳತೆ ನೋಡಿ ಡ್ರಿಪ್ ಹಾಕ್ತಾರೆ. ಎರಡೂ ಸ್ಟ್ರಿಪ್ ಕೈಯಲ್ಲಿರಲಿ. ಅಮ್ಮನಿಗೆ ಹೇಳಿ, 14 ವರ್ಷ ಅಪ್ಪನ್ನ ನೆಟ್ಟಗೆ ನಿಲ್ಸಿದ ಮಾತ್ರೆ ಅದು, ನಾಚಿಕೆ ಪಡೋಂಥದ್ದು ಅದರಲ್ಲಿ ಏನೂ ಇಲ್ಲ.

ಸೊಸೆ ಒಬ್ಬಳು (5:10): ಅಕ್ಕಾ ಹೊರಟ್ರಾ? ಹೇಳಿ

ಆರೋಗ್ಯ ಭಾಗ್ಯ (5:12): ಉಪ್ಪು ಬಿಟ್ರೆ ವಿಷ ಅನ್ನೋದು ಮೊದಲ ಸಲ ಕೇಳ್ತಿದೀನಿ. ಮಾತ್ರೆನೇ ವಿಷ ಅಂತ ನೀವೇ ಒಪ್ಕೊಂಡ ಹಾಗಾಯ್ತಲ್ಲ

ಮೌನಿ (5:13): ಒಬ್ಬರ ಅಪ್ಪ ಆಸ್ಪತ್ರೆಗೆ ಹೋಗ್ತಿದಾರೆ, ನಿಮಗೆ ವಾದ ಗೆಲ್ಲೋದು ಮುಖ್ಯನಾ

ಆರೋಗ್ಯ ಭಾಗ್ಯ (5:14): ನಾನು ಒಳ್ಳೇ ಮನಸ್ಸಿಂದ ಹಾಕಿದ್ದು. ಆಯುರ್ವೇದ ಅಂದ್ರೆ ನಿಮಗೆಲ್ಲ ಅಲರ್ಜಿ

ಶೆಟ್ರ ಅಂಗಡಿ (5:15): ಅವರು ಹೇಳೋದ್ರಲ್ಲೂ ಅರ್ಥ ಇದೆ. ನಮ್ಮ ಮಾವ ಕಷಾಯದಲ್ಲೇ ಸರಿ ಹೋದ್ರು

ಟೀಚರಮ್ಮ (5:15): ಯಾವ ಕಾಯಿಲೆ ಇತ್ತು ಅವರಿಗೆ?

ಶೆಟ್ರ ಅಂಗಡಿ (5:16): ಗ್ಯಾಸ್ಟ್ರಿಕ್

ಟೀಚರಮ್ಮ (5:16): ಅಯ್ಯೋ

ಡಾಕ್ಟರ್ (5:19): ಆಯುರ್ವೇದ ಡಾಕ್ಟರ್ ಹತ್ರ ಹೋಗ್ಬೇಡಿ ಅಂತ ನಾನೆಲ್ಲಿ ಹೇಳಿದೀನಿ? ನಾಡಿ ನೋಡಿ, ಏನೇನು ಮಾತ್ರೆ ತಗೋತೀರಾ ಅಂತ ಕೇಳಿ ಕೊಡೋ ವೈದ್ಯರು ಬೇರೆ, ಯಾರಿಗೆ ಹೋಗ್ತಿದೆ ಅಂತಾನೇ ಗೊತ್ತಿಲ್ದೆ ಸಾವಿರ ಜನಕ್ಕೆ ಒತ್ತೋ ಫಾರ್ವರ್ಡ್ ಬೇರೆ. ಒಳ್ಳೇ ಮನಸ್ಸಿಂದ ಕಳಿಸಿದ್ರೂ ಮೈಗೆ ಆಗೋದು ಆಗೇ ಆಗುತ್ತೆ. ಅಡ್ಮಿನ್, ಆ ಮೆಸೇಜ್ ಇನ್ನೂ ಅಲ್ಲೇ ಇದೆ.

ಅಡ್ಮಿನ್ (5:20): ಅಳಿಸಿದೀನಿ ಮೇಡಂ

ಡಾಕ್ಟರ್ (5:31): ದೊಡ್ಮಗಳು ಎಲ್ಲಿದೀರಾ? ಒಂದೇ ಪದ ಹಾಕಿ ಸಾಕು.

ಹೊಸನಗರ ಮಳೆ (5:33): ಮೇಡಂ 8 ವರ್ಷದ ಮಗ ಮೊಬೈಲ್ ಕಿತ್ಕೊಂಡ್ರೆ ತಲೆ ಚಚ್ಕೋತಾನೆ ಏನು ಮಾಡೋದು

ಡಲ್ಲಾಸ್ ಕನ್ನಡಿಗ (5:36): ಇಲ್ಲಿ ಥೆರಪಿಸ್ಟಿಗೆ ನನ್ನ ಕಷ್ಟ ಇಂಗ್ಲಿಷಲ್ಲಿ ಹೇಳೋಕೆ ಆಗ್ತಿಲ್ಲ. ಸಂಕಟ ಅಂದ್ರೆ ಏನು ಅಂತ ಹೇಗೆ ವಿವರಿಸೋದು. ಕನ್ನಡದಲ್ಲಿ ಆನ್‌ಲೈನ್ ಥೆರಪಿ ಮಾಡಬಹುದಾ?

ಡಾಕ್ಟರ್ (5:40): ಮಾಡಬಹುದು. ಅಳು ಬರೋ ಭಾಷೆಯಲ್ಲೇ ಥೆರಪಿ ಆದ್ರೆ ಒಳ್ಳೇದು. ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇರೋ ಕ್ಲಿನಿಕಲ್ ಸೈಕಾಲಜಿಸ್ಟ್ ಹುಡುಕಿ, ನೋಂದಣಿ ನಂಬರ್ ಕೇಳಿ. ಎಮರ್ಜೆನ್ಸಿಗೆ ಮಾತ್ರ ಅಲ್ಲಿನ ಡಾಕ್ಟರ್ ಇರಲೇಬೇಕು.

ಅಡಿಕೆ ತೋಟ (5:42): ದುಡ್ಡಿಲ್ದೋರು ಎಲ್ಲಿ ತೋರಿಸ್ಬೇಕು ಮೇಡಂ, ಪ್ರೈವೇಟಲ್ಲಿ ತಿಂಗಳಿಗೆ ಸಾವಿರಗಟ್ಲೆ

ಡಾಕ್ಟರ್ (5:43): ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ಮನೋಚೈತನ್ಯ ಕ್ಲಿನಿಕ್ ಕೇಳಿ. ಜಿಲ್ಲಾಸ್ಪತ್ರೆಯಲ್ಲಿ ದಿನಾ ಇದೆ.

ಭದ್ರಾವತಿ ಬಸ್ಸು (5:45): ಅಡಿಕ್ಟ್ ಬಗ್ಗೆ ಕೇಳಿದ್ದೆ

ಡಾಕ್ಟರ್ (5:45): 4:09 ನೋಡಿ.

ಭದ್ರಾವತಿ ಬಸ್ಸು (5:47): ಸಿಟ್ಟು ಮಾಡ್ಕೋಬೇಡಿ ಮೇಡಂ ನನಗೆ ಮೇಲೆ ಹುಡುಕೋಕೆ ಬರಲ್ಲ

ಟೀಚರಮ್ಮ (5:48): ನಾನು ನಿಮಗೆ ಬೇರೆಯಾಗಿ ಕಳಿಸ್ತೀನಿ ಬಿಡಿ

ಆರೋಗ್ಯ ಭಾಗ್ಯ ಗ್ರೂಪ್ ಬಿಟ್ಟಿದ್ದಾರೆ (5:51)

ಶೆಟ್ರ ಅಂಗಡಿ (5:52): ಓಡಿಸಿದ್ರಿ ಒಬ್ಬ ಒಳ್ಳೇ ಮನುಷ್ಯನ್ನ. ಡಾಕ್ಟ್ರು ಅಂದ್ರೆ ಸ್ವಲ್ಪ ತಾಳ್ಮೆ ಇರ್ಬೇಕು

ಮೌನಿ (5:53): ನಾಲ್ಕು ಗಂಟೆಯಿಂದ ಭಾನುವಾರ ಬಿಟ್ಟು ಕೂತಿದಾರೆ, ಇನ್ನೆಷ್ಟು ತಾಳ್ಮೆ ಬೇಕು ನಿಮಗೆ

ಹೆಸರು ಬೇಡ (5:58): ನನ್ನ ಪ್ರಶ್ನೆ ಉಳೀತು ಮೇಡಂ

ಅಡ್ಮಿನ್ (6:05): ಇವತ್ತಿಗೆ ಸಾಕು ಮಾಡೋಣ. ದೊಡ್ಮಗಳು ಬರೋ ತನಕ ಗ್ರೂಪ್ ತೆರೆದಿರುತ್ತೆ, ಬೇರೆ ಯಾರೂ ಹಾಕ್ಬೇಡಿ.

ಡಾಕ್ಟರ್ (6:40): ದೊಡ್ಮಗಳು?

ದೊಡ್ಮಗಳು (7:22): ಸಾರಿ ಮೇಡಂ ಫೋನ್ ಅಮ್ಮನ ಹತ್ರ ಇತ್ತು. ಕ್ಯಾಶುಯಾಲ್ಟಿಯಲ್ಲಿದೀವಿ. ಲೆವೆಲ್ 2.1 ಬಂತು. ಡ್ರಿಪ್ ಹಾಕಿದಾರೆ, ಐಸಿಯುಗೆ ಶಿಫ್ಟ್ ಮಾಡ್ತಿದಾರೆ.

ಡಾಕ್ಟರ್ (7:23): ಕ್ರಿಯಾಟಿನಿನ್ ಎಷ್ಟು?

ದೊಡ್ಮಗಳು (7:26): 1.9. ಕಿಡ್ನಿ ಡಾಕ್ಟರ್ ಬಂದು ನೋಡಿದ್ರು, ರಾತ್ರಿ ಮತ್ತೆ ಲೆವೆಲ್ ನೋಡಿ ಡಯಾಲಿಸಿಸ್ ಬೇಕಾ ಅಂತ ಹೇಳ್ತಾರಂತೆ.

ಡಾಕ್ಟರ್ (7:28): ಸರಿಯಾಗಿ ನೋಡ್ತಿದಾರೆ. ಲೆವೆಲ್ ಇಳಿದ್ರೂ ಓಲಾಟ, ಮಂಕು ಕೆಲವು ದಿನ ಇರುತ್ತೆ, ಗಾಬರಿ ಆಗ್ಬೇಡಿ. ಲಿಥಿಯಂ ನಿಂತಿದೆಯಲ್ಲ, ಬೈಪೋಲಾರಿಗೆ ಮುಂದೇನು ಅಂತ ನಿಮ್ಮ ಹಳೇ ಸೈಕಿಯಾಟ್ರಿಸ್ಟಿಗೆ ನಾಳೆ ಬೆಳಿಗ್ಗೆನೇ ಫೋನ್ ಮಾಡಿ. ಬಿಪಿ ಮಾತ್ರೆ ಸ್ಟ್ರಿಪ್ ತೋರಿಸಿದ್ರಾ?

ದೊಡ್ಮಗಳು (7:31): ಎರಡೂ ತೋರಿಸಿದ್ವಿ ಮೇಡಂ. ಅಮ್ಮನೇ ತೋರಿಸಿದ್ರು.