ಬೇಸಿಗೆಯಲ್ಲಿ ಅಕ್ರಿಲಿಕ್ ಬಣ್ಣ ತಕ್ಷಣ ಒಣಗುತ್ತಿದೆ, ಚಿತ್ರದ ಆಕಾಶವೆಲ್ಲ ಪಟ್ಟೆ ಪಟ್ಟೆ. ಪರಿಹಾರ ಇದೆಯಾ?

ಪ್ರಶ್ನೆ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ಚಳಿಗಾಲದಲ್ಲಿ ಅಕ್ರಿಲಿಕ್ ಶುರು ಮಾಡಿದೆ. ಆಗ ಏನೂ ತೊಂದರೆ ಇರಲಿಲ್ಲ. ಏಪ್ರಿಲ್ ಬಂದ ಮೇಲೆ ಕೈಗೇ ಹತ್ತುತ್ತಿಲ್ಲ.

ನಮ್ಮ ಕೋಟೆಯೊಳಗಿನ ಜಾಮಿ ಮಸೀದಿಯನ್ನು ಸಂಜೆ ಬೆಳಕಿನಲ್ಲಿ ಬರೆಯುತ್ತಿದ್ದೇನೆ. ಆಕಾಶ ಮೇಲೆ ನೀಲಿ, ಕೆಳಗೆ ಕಿತ್ತಳೆ. ನಡುವೆ ಒಂದರೊಳಗೊಂದು ಬೆರೆಯಬೇಕು. ಆದರೆ ಎರಡನೇ ಬಣ್ಣ ಕಲಸುವಷ್ಟರಲ್ಲಿ ಮೊದಲನೆಯದು ಒಣಗಿರುತ್ತದೆ. ಮತ್ತೆ ಬ್ರಷ್ ಆಡಿಸಿದರೆ ಅರ್ಧ ಒಣಗಿದ ಬಣ್ಣ ಕಿತ್ತು ಬರುತ್ತದೆ. ನೀರು ಜಾಸ್ತಿ ಹಾಕಿದರೆ ಕಲೆ ಕಲೆ. ಬೆರೆತ ಕಡೆಯೂ ಕೊಳಕು ಬೂದು ಬಣ್ಣ ಬರುತ್ತಿದೆ.

ಕ್ಯಾನ್ವಾಸ್ ಬೋರ್ಡ್ ಅಗ್ಗದ್ದು. ಮಧ್ಯಾಹ್ನ ಮಕ್ಕಳು ಮಲಗಿದಾಗ ಮಾತ್ರ ನನಗೆ ಸಮಯ. ಫ್ಯಾನ್ ಇಲ್ಲದೆ ಕೂರಲು ಆಗಲ್ಲ.

ಉತ್ತರ (ಯಾದಗಿರಿ)

ಮೆಡಿಕಲ್ ಶಾಪ್‌ನಲ್ಲಿ ಗ್ಲಿಸರಿನ್ ಸಿಗುತ್ತದೆ. ಬಣ್ಣಕ್ಕೆ ಸ್ವಲ್ಪ ಸೇರಿಸಿ. ನಿಧಾನವಾಗಿ ಒಣಗುತ್ತದೆ.

ಉತ್ತರ (ಬೀದರ್)

ಗ್ಲಿಸರಿನ್ ಬೇಡ ಅಕ್ಕಾ. ಅದು ಆವಿಯಾಗಿ ಹೋಗುವುದಿಲ್ಲ, ಬಣ್ಣದೊಳಗೇ ಉಳಿಯುತ್ತದೆ. ಚಿತ್ರದ ಮೇಲ್ಮೈ ಅಂಟಂಟಾಗಿಯೇ ಇರುತ್ತದೆ. ನಮ್ಮ ಕಡೆಯ ಬೇಸಿಗೆ ಧೂಳು ಅದರ ಮೇಲೆ ಕೂತರೆ ಒರೆಸಿದರೂ ಹೋಗಲ್ಲ. ಫೆವಿಕಾಲ್ ಬೆರೆಸಿ ಅಂತಲೂ ಕೆಲವರು ಹೇಳುತ್ತಾರೆ. ಅದನ್ನೂ ಮಾಡಬೇಡಿ.

ಬಣ್ಣ ಹೀಗೆ ಒಣಗುವುದು ಸಹಜ. ಅಕ್ರಿಲಿಕ್ ಅಂದರೆ ಬಣ್ಣದ ಪುಡಿ, ನೀರು, ಆ ನೀರಿನಲ್ಲಿ ತೇಲುವ ಸಣ್ಣ ಸಣ್ಣ ಪ್ಲಾಸ್ಟಿಕ್ ಕಣಗಳು. ನೀರು ಆರಿದಂತೆ ಕಣಗಳು ಒಂದಕ್ಕೊಂದು ಅಂಟಿ ಪದರವಾಗುತ್ತವೆ. ಆಮೇಲೆ ನೀರು ಹಾಕಿದರೂ ಅದು ಕರಗುವುದಿಲ್ಲ. ಜಲವರ್ಣದ ಹಾಗೆ ಒದ್ದೆ ಮಾಡಿ ತಿದ್ದಲು ಆಗಲ್ಲ. ಬೇಸಿಗೆಯಲ್ಲಿ ಕಲಬುರಗಿ 40 ಡಿಗ್ರಿ ದಾಟುತ್ತದೆ, ಗಾಳಿಯಲ್ಲಿ ತೇವವೇ ಇರಲ್ಲ, ಮೇಲೆ ಫ್ಯಾನ್. ನೀರು ಎಷ್ಟು ಹೊತ್ತು ನಿಲ್ಲಬೇಕು ಹೇಳಿ?

ಮೊದಲು ಒಂದು ಪರೀಕ್ಷೆ ಮಾಡಿ. ಖಾಲಿ ಬೋರ್ಡ್ ಮೇಲೆ ಒಂದು ಹನಿ ನೀರು ಬಿಡಿ. ಹನಿ ಹಾಗೇ ನಿಲ್ಲುತ್ತದೋ, ಒಳಗೆ ಇಂಗುತ್ತದೋ ನೋಡಿ ತಿಳಿಸಿ.

ಪ್ರಶ್ನೆ ಕೇಳಿದವರು

ಅಣ್ಣಾ, ಬಿಟ್ಟ ತಕ್ಷಣ ಇಂಗಿಬಿಟ್ಟಿತು.

ಉತ್ತರ (ಬೀದರ್)

ಹಾಗಿದ್ದರೆ ಅರ್ಧ ಕಾರಣ ಬೋರ್ಡೇ. ಮೇಲಿನಿಂದ ಗಾಳಿ, ಕೆಳಗಿನಿಂದ ಬೋರ್ಡ್, ಎರಡೂ ನೀರು ಎಳೆಯುತ್ತಿವೆ. ಅಕ್ರಿಲಿಕ್ ಮೀಡಿಯಂ (ಬಣ್ಣದ ಪುಡಿ ಇಲ್ಲದ ಅಕ್ರಿಲಿಕ್ ದ್ರವ) ಸಿಕ್ಕರೆ ಇಡೀ ಬೋರ್ಡಿಗೆ ತೆಳುವಾಗಿ ಒಂದು ಕೋಟ್ ಹೊಡೆದು ಪೂರ್ತಿ ಒಣಗಿಸಿ. ಸಿಗದಿದ್ದರೆ ತಿಳಿ ಕೆನೆ ಬಣ್ಣವನ್ನೇ ಇಡೀ ಬೋರ್ಡಿಗೆ ಹಚ್ಚಿ. ಬರೀ ಜೆಸ್ಸೊ (ಬೋರ್ಡಿಗೆ ಮೊದಲು ಹಚ್ಚುವ ಬಿಳಿ ತಳಬಣ್ಣ) ಮತ್ತೆ ಹಚ್ಚಿದರೆ ಅಷ್ಟು ಉಪಯೋಗ ಆಗದು, ಅದೂ ನೀರು ಹೀರುತ್ತದೆ.

ಫ್ಯಾನ್ ಬದಲು ನೀರಿನ ಕೂಲರ್ ಇದ್ದರೆ ಅದನ್ನು ಹಾಕಿ. ಅದು ಕೋಣೆಗೆ ತೇವ ತರುತ್ತದೆ. ಗಾಳಿ ಮಾತ್ರ ನಿಮ್ಮ ಬೆನ್ನಿಗೆ ಬೀಸಲಿ, ಬೋರ್ಡಿಗೆ ತಾಗದಿರಲಿ.

ಬಣ್ಣ ಕಲಸುವ ಪ್ಯಾಲೆಟ್ಟಿಗೆ ಮುಚ್ಚಳ ಇರುವ ಚಪ್ಪಟೆ ಡಬ್ಬಿ ಸಾಕು. ಒಳಗೆ ಒದ್ದೆ ಬಟ್ಟೆ ಹಾಸಿ, ಮೇಲೆ ಬಟರ್ ಪೇಪರ್ ಇಟ್ಟು, ಅದರ ಮೇಲೆ ಬಣ್ಣ ತೆಗೆದುಕೊಳ್ಳಿ. ಕೆಳಗಿನಿಂದ ತೇವ ಬರುತ್ತಲೇ ಇರುತ್ತದೆ. ಮಕ್ಕಳು ಎದ್ದರೆ ಮುಚ್ಚಳ ಹಾಕಿ ಏಳಬಹುದು, ಉಳಿದ ಬಣ್ಣ ಮರುದಿನಕ್ಕೂ ಬರುತ್ತದೆ.

ಇನ್ನು ಆಕಾಶ. ಇಲ್ಲೇ ಸ್ವಲ್ಪ ತಾಳ್ಮೆ ಬೇಕು. ಬ್ರಷ್ ಎತ್ತುವ ಮೊದಲೇ ಎಲ್ಲ ಬಣ್ಣ ಕಲಸಿ ಇಟ್ಟುಕೊಳ್ಳಿ: ಗಾಢ ನೀಲಿ, ಬಿಳಿ ಬೆರೆತ ನೀಲಿ, ತೀರಾ ತಿಳಿ ಗುಲಾಬಿ ಅಥವಾ ಕೆನೆ, ಆಮೇಲೆ ಕಿತ್ತಳೆ. ಆ ಗುಲಾಬಿ ಬಿಡಬೇಡಿ. ನೀಲಿ ಮತ್ತು ಕಿತ್ತಳೆ ವಿರುದ್ಧ ಬಣ್ಣಗಳು. ನೇರವಾಗಿ ಸೇರಿದರೆ ಬೂದು ಬಣ್ಣವೇ ಬರುವುದು. ನಿಮಗೆ ಆದದ್ದೂ ಅದೇ. ನಡುವೆ ತಿಳಿ ಬಣ್ಣ ಇದ್ದರೆ ಎರಡೂ ತಾಗುವುದಿಲ್ಲ.

ಬೋರ್ಡಿಗೆ ಸ್ಪ್ರೇ ಬಾಟಲಿಯಿಂದ ಸಣ್ಣಗೆ ನೀರು ಹೊಡೆಯಿರಿ. ಹನಿ ಹರಿಯಬಾರದು. ಕುಡಿಯುವ ನೀರೇ ಇರಲಿ, ಬೋರ್‌ವೆಲ್ ನೀರಿನ ಗಡಸಿಗೆ ಬಾಟಲಿಯ ತೂತು ಕಟ್ಟಿಕೊಳ್ಳುತ್ತದೆ. ಆಮೇಲೆ ಅಗಲವಾದ ನೈಲಾನ್ ಬ್ರಷ್‌ನಿಂದ ಮೇಲಿಂದ ಕೆಳಗೆ ಬೇಗ ಬೇಗ ಹಚ್ಚಿ. ಸೇರುವ ಜಾಗದಲ್ಲಿ ಒಣ ಬ್ರಷ್ ಹಗುರವಾಗಿ ಅಡ್ಡ ಆಡಿಸಿ. ಬ್ರಷ್ ಹಿಡಿದು ಎಳೆದಂತಾದರೆ ಅಲ್ಲೇ ನಿಲ್ಲಿಸಿಬಿಡಿ. ಪಟ್ಟೆ ಕಂಡರೂ ಮುಟ್ಟಬೇಡಿ. ಪೂರ್ತಿ ಒಣಗಲಿ. ಆಮೇಲೆ ಅದೇ ಬಣ್ಣಗಳಿಂದ ಎರಡನೇ ಕೋಟ್, ಬೇಕಿದ್ದರೆ ಮೂರನೆಯದು. ಪ್ರತಿ ಕೋಟ್‌ಗೂ ಪಟ್ಟೆ ಮೆತ್ತಗಾಗುತ್ತದೆ. ಬೇಗ ಒಣಗುವುದು ಇಲ್ಲಿ ನಿಮಗೇ ಲಾಭ, ಒಂದೇ ಮಧ್ಯಾಹ್ನದಲ್ಲಿ ಎರಡು ಕೋಟ್ ಆಗುತ್ತದೆ.

ನಿಮ್ಮೂರಲ್ಲೇ 1916ರಲ್ಲಿ ಹುಟ್ಟಿದ ಎಸ್.ಎಂ. ಪಂಡಿತರು ಸಿನಿಮಾ ಪೋಸ್ಟರ್‌ಗಳಿಗೆ ಗ್ವಾಷ್ ಬಳಸುತ್ತಿದ್ದರು. ಅದೂ ನೀರಿನ ಬಣ್ಣ, ಬೇಗ ಒಣಗುವಂಥದ್ದು. ಅವರ ಚಿತ್ರಗಳಲ್ಲಿ ಮೈಬಣ್ಣ ಬೆಳಕಿನಿಂದ ನೆರಳಿಗೆ ಎಷ್ಟು ಮೃದುವಾಗಿ ತಿರುಗುತ್ತದೆ ನೋಡಿ. ನನಗೆ ಧೈರ್ಯ ಬರುವುದು ಅದನ್ನು ನೋಡಿದಾಗಲೇ.

ಇಷ್ಟಾದ ಮೇಲೂ ಸಾಲದಿದ್ದರೆ ರಿಟಾರ್ಡರ್ (ಬಣ್ಣ ಒಣಗುವುದನ್ನು ನಿಧಾನ ಮಾಡುವ ದ್ರವ) ತನ್ನಿ. ಕೆಲವೇ ಹನಿ ಸಾಕು. ಬಾಟಲಿ ಮೇಲೆ ಬರೆದ ಅಳತೆ ಮೀರಿದರೆ ಅದೂ ಅಂಟಂಟಾಗುತ್ತದೆ.

ಪ್ರಶ್ನೆ ಕೇಳಿದವರು

ಅಣ್ಣಾ, ಆಕಾಶ ಬಂತು! ಗುಲಾಬಿ ಹಾಕಿದ ಮೇಲೆ ನಿಜಕ್ಕೂ ಸಂಜೆಯ ಹಾಗೆ ಕಾಣುತ್ತಿದೆ. ಭಾಳ ಖುಷಿ ಆಯಿತು.

ಈಗ ಗುಮ್ಮಟಗಳು. 1367ರ ಮಸೀದಿ ಇದು, ತೆರೆದ ಅಂಗಳವೇ ಇಲ್ಲ, ಪೂರ್ತಿ ಛಾವಣಿ. ಹಾಗಾಗಿ ಚಿತ್ರದ ತುಂಬ ಗುಮ್ಮಟಗಳೇ. ಕಲ್ಲಿನ ಬಣ್ಣ ಸರಿಯಾಗಿ ಕಲಸಿ ಹಚ್ಚುತ್ತೇನೆ, ಒಣಗಿದ ಮೇಲೆ ಕಪ್ಪಾಗುತ್ತದೆ. ಯಾಕೆ?

ಉತ್ತರ (ಯಾದಗಿರಿ)

ಗ್ಲಿಸರಿನ್ ವಿಷಯ ತಿಳಿಸಿದ್ದಕ್ಕೆ ಧನ್ಯವಾದ ಸರ್. ಈ ಕಪ್ಪಾಗುವ ತೊಂದರೆ ನನಗೂ ಇದೆ.

ಉತ್ತರ (ಬೀದರ್)

ಹಸಿ ಇದ್ದಾಗ ಆ ಪ್ಲಾಸ್ಟಿಕ್ ಕಣಗಳಿಂದ ಬಣ್ಣ ಹಾಲು ಬೆರೆಸಿದಂತೆ ತಿಳಿಯಾಗಿ ಕಾಣುತ್ತದೆ. ಒಣಗಿದಾಗ ಅವು ಪಾರದರ್ಶಕವಾಗುತ್ತವೆ, ನಿಜವಾದ ಬಣ್ಣ ಹೊರಬರುತ್ತದೆ. ಬೇಕಾದ್ದಕ್ಕಿಂತ ಸ್ವಲ್ಪ ತಿಳಿಯಾಗಿ ಕಲಸಿ. ಚೂರು ಕಾಗದದ ಮೇಲೆ ಹಚ್ಚಿ ಒಣಗಿಸಿ ನೋಡಿ, ಸರಿ ಅನಿಸಿದರೆ ಮಾತ್ರ ಬೋರ್ಡಿಗೆ ತನ್ನಿ. ಗುಮ್ಮಟದ ನೆರಳನ್ನೂ ಆಕಾಶದ ಹಾಗೇ ತೆಳು ಕೋಟ್‌ಗಳಲ್ಲಿ ಕಟ್ಟಿ. ಮೊದಲು ಇಡೀ ಗುಮ್ಮಟಕ್ಕೆ ನಡುಬಣ್ಣ, ಆಮೇಲೆ ನೆರಳು, ಬಿಸಿಲು ಬಿದ್ದ ಅಂಚು ಕೊನೆಗೆ.

ಇನ್ನೊಂದು ವಿಷಯ. ಮುಗಿದ ಚಿತ್ರಗಳನ್ನು ಒಂದರ ಮೇಲೊಂದು ಪೇರಿಸಿ ಇಡಬೇಡಿ. ಬಿಸಿಗೆ ಅಕ್ರಿಲಿಕ್ ಮೆತ್ತಗಾಗುತ್ತದೆ. ಈ ಸೆಕೆಯಲ್ಲಿ ಒಂದಕ್ಕೊಂದು ಅಂಟಿಕೊಂಡರೆ ಬಿಡಿಸುವಾಗ ಬಣ್ಣವೇ ಎದ್ದು ಬರುತ್ತದೆ. ಬಿಸಿಲು ಬೀಳದ ಗೋಡೆಗೆ, ನಡುವೆ ಜಾಗ ಬಿಟ್ಟು ನಿಲ್ಲಿಸಿ.